ಎರಡು ಗಂಟೆಯ ಸೈರನ್ನು ಮತ್ತು ನನ್ನ ಇಲಿಗಳು

ಮೂವತ್ತೊಂದು ವರ್ಷ ನಾನು ಇಲಿ ಸಾಕಿದೆ. ನೆಂಟರು ಮನೆಗೆ ಬಂದು ಏನು ಕೆಲಸ ಎಂದು ಕೇಳಿದರೆ ನಮ್ಮ ಯಜಮಾನರು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ ಎಂದು ಹೇಳಿ ಮಾತು ತಿರುಗಿಸಿಬಿಡುತ್ತಿದ್ದರು. ಪಾಠ ಮಾಡಿದ್ದೂ ನಿಜವೇ. ಆದರೆ ನನ್ನ ಜೀವವಿದ್ದದ್ದು ಭದ್ರಾವತಿಯ ಆ ಕಾಲೇಜಿನ ಹಿಂಬದಿಯಲ್ಲಿ, ಕಿಟಕಿಗಳನ್ನು ಇಟ್ಟಿಗೆ ಕಟ್ಟಿ ಮುಚ್ಚಿದ್ದ ಒಂದು ಕತ್ತಲೆ ಕೋಣೆಯಲ್ಲಿ.

ಈಗ ನಿವೃತ್ತಳಾಗಿ ಶಿವಮೊಗ್ಗದ ರವೀಂದ್ರನಗರದ ಮನೆಯಲ್ಲಿ ಕೂತಿದ್ದೇನೆ. ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿ, ಹೊಸದಾಗಿ ಸಂಶೋಧನೆಗೆ ಸೇರಿದ ಮಕ್ಕಳಿಗೆ ಓದಿಸಬೇಕು, ನಿಮ್ಮ ಅನುಭವ ಬರೆದುಕೊಡಿ ಮೇಡಂ, ಸ್ವಲ್ಪ ಸ್ಫೂರ್ತಿ ಬರುವ ಹಾಗಿರಲಿ ಎಂದ. ಸ್ಫೂರ್ತಿ ನನ್ನ ಹತ್ತಿರ ಇಲ್ಲ. ನಡೆದದ್ದು ಇದೆ, ಅದನ್ನು ಬರೆಯುತ್ತೇನೆ. ಓದಿಸುವುದು ಬಿಡುವುದು ಅವನಿಗೆ ಬಿಟ್ಟದ್ದು.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ಪ್ರಾಣಿಗಳ ಮೈಯೊಳಗೆ ಒಂದು ಗಡಿಯಾರವಿದೆ. ಯಾವಾಗ ಏಳಬೇಕು, ಯಾವಾಗ ಮಲಗಬೇಕು, ತಿಂದ ಅನ್ನವನ್ನು ಯಾವ ಹೊತ್ತಿಗೆ ಕರಗಿಸಬೇಕು ಎನ್ನುವುದನ್ನೆಲ್ಲ ಅದೇ ನೋಡಿಕೊಳ್ಳುತ್ತದೆ. ಹಗಲು ರಾತ್ರಿ ಗೊತ್ತಾಗದ ಕತ್ತಲಲ್ಲಿ ಪ್ರಾಣಿಯನ್ನು ಇಟ್ಟರೂ ಗಡಿಯಾರ ನಿಲ್ಲುವುದಿಲ್ಲ. ಆದರೆ ಹೊರಗಿನ ಸುಳಿವು ಯಾವುದೂ ಇಲ್ಲದಿದ್ದಾಗ ಅದು ಸರಿಯಾಗಿ ಇಪ್ಪತ್ನಾಲ್ಕು ಗಂಟೆ ಓಡುವುದಿಲ್ಲ. ದಿನಕ್ಕಿಷ್ಟು ಎಂದು ಮುಂದಕ್ಕೋ ಹಿಂದಕ್ಕೋ ಜಾರುತ್ತದೆ. ಪ್ರತಿ ದಿನ ಪ್ರಾಣಿ ಎದ್ದ ಹೊತ್ತನ್ನು ಒಂದರ ಕೆಳಗೊಂದು ಗುರುತು ಮಾಡುತ್ತ ಹೋದರೆ ವಾಲಿದ ಗೆರೆಯೊಂದು ಮೂಡುತ್ತದೆ. ಲೋಕದ ಎಲ್ಲ ಪ್ರಯೋಗಾಲಯಗಳಲ್ಲೂ ಕಾಣುವುದು ಇದೇ.

ನನ್ನ ಗದ್ದೆ ಇಲಿಗಳು ಮಾತ್ರ ವಾಲುತ್ತಿರಲಿಲ್ಲ. ತಿಂಗಳುಗಟ್ಟಲೆ ಕತ್ತಲಲ್ಲಿಟ್ಟರೂ ದಿನಾ ಒಂದೇ ಹೊತ್ತಿಗೆ ಏಳುತ್ತಿದ್ದವು. ಅದೂ ರಾತ್ರಿಯಲ್ಲ, ಮಧ್ಯಾಹ್ನ ಹನ್ನೆರಡರ ಸುಮಾರಿಗೆ. ಎದ್ದು ಚಕ್ರ ಓಡಿಸುತ್ತಿದ್ದವು, ರಕ್ತದ ಸಕ್ಕರೆ ಬದಲಾಗುತ್ತಿತ್ತು, ಯಕೃತ್ತು ಊಟಕ್ಕೆ ತಯಾರಾಗುತ್ತಿತ್ತು. ಗೆರೆ ಎಳೆದರೆ ಗೋಡೆಯ ಮೂಲೆಯಷ್ಟು ನೇರ. ಆ ನೇರ ಗೆರೆಯೇ ನನ್ನ ಡಾಕ್ಟರೇಟು, ನನ್ನ ಪ್ರಬಂಧಗಳು, ಸಭೆಗಳಲ್ಲಿ ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ ಕಾರಣ.

ನನಗೆ ಈ ವಿದ್ಯೆ ಹೇಳಿಕೊಟ್ಟವರು ಶಂಕರಯ್ಯ ಸರ್. ಹರಿದ ಕೋಟು, ಬಾಯಿ ತುಂಬ ಎಲೆ ಅಡಿಕೆ, ಯಾರನ್ನೂ ಹೊಗಳದ ಮನುಷ್ಯ. ಅವರ ಕಾಲದಲ್ಲಿ ಮಸಿ ಹಿಡಿಸಿದ ಕಾಗದವನ್ನು ಡ್ರಮ್ಮಿಗೆ ಸುತ್ತಿ, ಇಲಿ ಓಡಿದಾಗ ಮುಳ್ಳು ಗೀಚುವ ಹಾಗೆ ಮಾಡುತ್ತಿದ್ದೆವು. ದಿನದ ಕೊನೆಗೆ ನಮ್ಮ ಮುಖವೂ ಆ ಕಾಗದದ ಹಾಗೇ ಇರುತ್ತಿತ್ತು. ಮುಂದೆ ಎಣಿಸುವ ಯಂತ್ರ ಬಂತು, ಕೊನೆಗೆ ಕಂಪ್ಯೂಟರ್. ಯಂತ್ರ ಬದಲಾದ ಹಾಗೆಲ್ಲ ನಾನು ಇಲಿಗಳಿಂದ ಒಂದೊಂದು ಹೆಜ್ಜೆ ದೂರವಾದೆ ಎಂದು ಈಗ ಅನ್ನಿಸುತ್ತದೆ. ಶುರುವಿನಲ್ಲಿ ಗಾಜನೂರಿನ ಕಡೆಯ ಗದ್ದೆಗಳಲ್ಲಿ ನಾನೇ ಬೋನು ಇಟ್ಟು ಇಲಿ ಹಿಡಿಯುತ್ತಿದ್ದೆ. ಕೊನೆಯ ವರ್ಷಗಳಲ್ಲಿ ಇಲಿಯ ಮುಖ ನೋಡದೆ ವಾರಗಳು ಕಳೆಯುತ್ತಿದ್ದವು, ಗೆರೆ ನೋಡಿದರೆ ಸಾಕಾಗಿತ್ತು.

ಮೊದಲ ಸಲ ಆ ನೇರ ಗೆರೆ ಬಂದಾಗ ನಾನು ಕುಣಿದಾಡಿಕೊಂಡು ಸರ್ ಮನೆಗೆ ಹೋಗಿದ್ದೆ. ಅವರು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಹೊಸದೇನಾದ್ರೂ ಕಂಡ್ರೆ ಇಷ್ಟು ಕುಣೀಬೇಡ ಮಾರಾಯ್ತಿ" ಎಂದರು. "ಮೊದ್ಲು ಹೋಗಿ ಪಂಜರ ತೊಳೆಯೋರನ್ನ ಕೇಳು. ನೀನಿಲ್ಲದಾಗ ಅಲ್ಲಿ ಏನು ನಡೀತದೆ ಅಂತ."

ಈ ಮಾತು ನನಗೆ ಎಷ್ಟು ಹಿಡಿಸಿತೆಂದರೆ, ಮುಂದೆ ಪ್ರತಿ ವರ್ಷ ಹೊಸ ತರಗತಿಯ ಮೊದಲ ದಿನ ಅದನ್ನು ಹೇಳಿ ಚಪ್ಪಾಳೆ ಗಿಟ್ಟಿಸಿದೆ. ಕೇಳಲು ಮಾತ್ರ ಒಂದು ದಿನವೂ ಹೋಗಲಿಲ್ಲ.

ಪಂಜರ ತೊಳೆಯುತ್ತಿದ್ದವರು ರಾಜಮ್ಮ. ಕಾಲೇಜಿನ ಹಿಂದಿನ ಬೀದಿಯಲ್ಲೇ ಮನೆ, ಮನೆಯಲ್ಲಿ ತಮಿಳು, ನಮ್ಮ ಜೊತೆ ಕನ್ನಡ. ಗಂಡನಿಗೆ ಊರಿನ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಕೋಣೆಯ ಒಂದು ಬೀಗದ ಕೈ ನನ್ನ ಹತ್ತಿರ, ಇನ್ನೊಂದು ಅವರ ಸೆರಗಿನ ಗಂಟಿನಲ್ಲಿ. ಭಾನುವಾರ, ಹಬ್ಬ ಯಾವುದಕ್ಕೂ ಅವರು ತಪ್ಪಿಸಿಕೊಂಡವರಲ್ಲ. ಶಿವಮೊಗ್ಗದಿಂದ ಬಸ್ಸಿನಲ್ಲಿ ಓಡಾಡುತ್ತಿದ್ದ ನನಗೆ ಅವರಿಲ್ಲದೆ ಒಂದು ದಿನವೂ ನಡೆಯುತ್ತಿರಲಿಲ್ಲ.

ಇಲಿಗೆ ಹೊತ್ತಿನ ಸುಳಿವು ಸಿಗಬಾರದು ಎಂದೆನಲ್ಲ, ಅದಕ್ಕೆ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಎರಡು ಬಾಗಿಲು, ನಡುವೆ ಕಪ್ಪು ಪರದೆ, ಒಳಗೆ ಹೋಗುವವರ ಕೈಯಲ್ಲಿ ಮಂಕು ಕೆಂಪು ದೀಪ. ಒಮ್ಮೆ ಕಾಲೇಜಿಗೆ ತಪಾಸಣೆಯ ತಂಡ ಬಂದಾಗ ನಮ್ಮ ಪ್ರಾಂಶುಪಾಲರು ನಾನಿಲ್ಲದ ಹೊತ್ತಿನಲ್ಲಿ ಅವರನ್ನು ಕರೆದುಕೊಂಡು ಹೋಗಿ, ಇದು ನಮ್ಮ ಹೆಮ್ಮೆಯ ಕತ್ತಲೆ ಕೋಣೆ ಎಂದು ದೊಡ್ಡ ಟಾರ್ಚ್ ಬಿಟ್ಟು ತೋರಿಸಿದ್ದರು. ಮೂರು ತಿಂಗಳ ಕೆಲಸ ಅಲ್ಲಿಗೆ ಮಣ್ಣುಪಾಲಾಯಿತು. ನಾನು ಅಳುತ್ತ ಹೋಗಿ ಹೇಳಿದರೆ, ಇಲಿಗಳೇನೂ ಬೇಜಾರು ಮಾಡಿಕೊಂಡ ಹಾಗೆ ಕಾಣಲಿಲ್ಲವಲ್ಲ ಮೇಡಂ ಎಂದರು.

ಊಟದ ಹೊತ್ತೂ ಸುಳಿವೇ. ದಿನಾ ಒಂದೇ ಹೊತ್ತಿಗೆ ಕಾಳು ಹಾಕಿದರೆ ಇಲಿಯ ಮೈ ಅದನ್ನು ಕಲಿತುಬಿಡುತ್ತದೆ, ಊಟಕ್ಕೆ ಎರಡು ಗಂಟೆ ಮುಂಚೆಯೇ ಎದ್ದು ಕಾಯುತ್ತದೆ. ಹಾಗಾಗಿ ಬಿಸ್ಕತ್ತಿನ ಡಬ್ಬವೊಂದರಲ್ಲಿ ಹೊತ್ತು ಬರೆದ ಚೀಟಿಗಳನ್ನು ಹಾಕಿ, ಸೋಮವಾರ ಬೆಳಿಗ್ಗೆ ಇಡೀ ವಾರಕ್ಕೆ ಏಳು ಚೀಟಿ ಎತ್ತುತ್ತಿದ್ದೆವು. ಒಂದು ದಿನ ಬೆಳಗಿನ ಐದು, ಮರುದಿನ ಸಂಜೆ ಏಳು, ಆಮೇಲೆ ಬೆಳಿಗ್ಗೆ ಹನ್ನೊಂದು, ಹೀಗೆ. ದಿನಕ್ಕೆ ಒಂದೇ ಸಲ, ಅಳೆದ ಕಾಳು. ರಾಜಮ್ಮ ಚೀಟಿಯ ಹೊತ್ತಿಗೆ ಹೋಗಿ ಬಂದು ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ಆ ರಿಜಿಸ್ಟರು ನೋಡಿದರೆ ಕಣ್ಣಿಗೆ ಒತ್ತಿಕೊಳ್ಳಬೇಕು, ಒಂದು ಸಹಿ ತಪ್ಪಿಲ್ಲ.

ಇನ್ನೊಂದು ಸುಳಿವಿತ್ತು, ಕಾರ್ಖಾನೆಯ ಸೈರನ್. ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತು. ಪಾಳಿ ಬದಲಾಗುವ ಹೊತ್ತಿಗೆ ಅದು ಕೂಗಿದರೆ ಊರಿಗೆ ಊರೇ ಅದರಂತೆ ನಡೆಯುತ್ತಿತ್ತು. ಅಕ್ಕಿ ತೊಳೆಯುವುದು, ಮಕ್ಕಳನ್ನು ಎಬ್ಬಿಸುವುದು, ತಟ್ಟೆ ಹಾಕುವುದು ಎಲ್ಲ ಆ ಕೂಗಿಗೇ. ನಾನು ಅದನ್ನೂ ಬಿಡಲಿಲ್ಲ. ಇಲಿಗಳಿಗೆ ಸೈರನ್ ಕೇಳಬಾರದೆಂದು ಕೋಣೆಯಲ್ಲಿ ದೊಡ್ಡ ಸದ್ದಿನ ಫ್ಯಾನ್ ಒಂದನ್ನು ಹಗಲೂ ರಾತ್ರಿ ಓಡಿಸಿದೆ, ಕರೆಂಟು ಹೋದರೂ ನಿಲ್ಲದ ಹಾಗೆ ಬ್ಯಾಟರಿ ಕೂರಿಸಿದೆ. ಇಲಿಗಳ ಕಿವಿಯ ಬಗ್ಗೆ ಅಷ್ಟು ತಲೆ ಕೆಡಿಸಿಕೊಂಡ ನನಗೆ ರಾಜಮ್ಮನ ಕಿವಿಯ ನೆನಪೇ ಆಗಲಿಲ್ಲ.

ಈ ಕೆಲಸದಲ್ಲಿ ಕೊಲ್ಲುವುದೂ ಇದೆ. ಬರುವವರು ಅದನ್ನು ತಿಳಿದುಕೊಂಡೇ ಬನ್ನಿ. ಯಕೃತ್ತಿನಲ್ಲಿ ಸಕ್ಕರೆ ಯಾವ ಹೊತ್ತಿಗೆ ಎಷ್ಟಿದೆ ಎಂದು ನೋಡಬೇಕಾದರೆ ನಾಲ್ಕು ಗಂಟೆಗೊಮ್ಮೆ ಕೆಲವು ಇಲಿಗಳನ್ನು ಕೊಂದು ಕೊಯ್ಯಬೇಕು. ಅಂಥ ದಿನದ ಹಿಂದಿನ ಸಂಜೆ ರಾಜಮ್ಮ ನನ್ನ ಟೇಬಲ್ಲಿನ ಹತ್ತಿರ ಬಂದು ನಿಲ್ಲುತ್ತಿದ್ದರು. ಇವತ್ತಾದರೂ ಹೊಟ್ಟೆ ತುಂಬ ಹಾಕಲಾ ಎಂದು ಕೇಳುತ್ತಿದ್ದರು. ಅಳತೆ ತಪ್ಪಬಾರದು ರಾಜಮ್ಮ ಎನ್ನುತ್ತಿದ್ದೆ. ಅವರು ಸುಮ್ಮನೆ ತಲೆಯಾಡಿಸಿ ಹೋಗುತ್ತಿದ್ದರು. ಅವರ ಮನಸ್ಸು ಎಂಥದು ಎಂದು ತಿಳಿಯಲು ಆ ಒಂದು ಪ್ರಶ್ನೆ ಸಾಕಿತ್ತು, ನನಗೆ ಸಾಕಾಗಲಿಲ್ಲ.

ಹೀಗಿರುವಾಗ ಮಂಜುಳಾ ನನ್ನ ಹತ್ತಿರ ಪಿಎಚ್.ಡಿ.ಗೆ ಸೇರಿದಳು. ಭದ್ರಾವತಿಯ ಕ್ವಾರ್ಟರ್ಸಿನಲ್ಲೇ ಬೆಳೆದ ಹುಡುಗಿ, ನನ್ನ ತರಗತಿಯಲ್ಲೇ ಓದಿದವಳು, ಅಪ್ಪ ಅದೇ ಕಾರ್ಖಾನೆಯಲ್ಲಿದ್ದವರು. ಮಾತು ಕಡಿಮೆ, ಕೈ ಅಚ್ಚುಕಟ್ಟು. ಅವಳು ಬರೆದ ನೋಟ್ಸ್ ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅವಳು ಸೇರುವ ಹೊತ್ತಿಗೆ ಸರಿಯಾಗಿ ಕಾರ್ಖಾನೆ ನಿಂತಿತು. ಊರಿನ ತುಂಬ ಅದೇ ಮಾತು. ಕ್ವಾರ್ಟರ್ಸಿನ ಎಷ್ಟೋ ಮನೆಗಳಿಗೆ ಬೀಗ ಬಿತ್ತು, ರಾಜಮ್ಮನ ಗಂಡ ಮನೆಯಲ್ಲಿ ಕೂತರು, ಅವರ ಸಂಸಾರಕ್ಕೆ ರಾಜಮ್ಮನ ದಿನಗೂಲಿಯೊಂದೇ ಆಧಾರವಾಯಿತು. ಸೈರನ್ ನಿಂತದ್ದು ನನಗೂ ಗೊತ್ತಾಯಿತು. ಫ್ಯಾನಿನ ಕೆಲಸ ಇನ್ನು ಹಗುರ ಎಂದುಕೊಂಡೆ, ಅಷ್ಟೆ.

ನಾಲ್ಕು ತಿಂಗಳ ನಂತರ ಮಂಜುಳಾ ತಂದ ಗೆರೆ ವಾಲಿತ್ತು. ದಿನ ದಿನಕ್ಕೆ ಸ್ವಲ್ಪ ಸ್ವಲ್ಪವೇ ಜಾರುತ್ತ, ಪುಟದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗಿತ್ತು. ಪಠ್ಯಪುಸ್ತಕದಲ್ಲಿ ಇರುವ ಹಾಗೇ ಇತ್ತು. ನನ್ನ ಹೆಸರಿನಲ್ಲಿ ಅಚ್ಚಾದದ್ದಕ್ಕೆ ಮಾತ್ರ ಹೊಂದುತ್ತಿರಲಿಲ್ಲ.

ಕಂಪ್ಯೂಟರಿನ ಗಡಿಯಾರ ತಪ್ಪಿರಬೇಕು ಎಂದೆ, ಬದಲಾಯಿಸಿದೆವು. ಗೆರೆ ವಾಲಿತು. ಹಿಡಿದದ್ದು ಗದ್ದೆ ಇಲಿಯಲ್ಲ, ಬೇರೆ ಜಾತಿ ಸೇರಿಕೊಂಡಿದೆ ಎಂದೆ. ಅವಳು ನವುಲೆಯ ಕಡೆಯ ಗದ್ದೆಗಳಿಗೆ ಹೋಗಿ ಒಂದೊಂದನ್ನೂ ಅಳೆದು ನೋಡಿ ಹೊಸ ಇಲಿ ತಂದಳು. ಮತ್ತೆ ವಾಲಿತು. ಎರಡು ವರ್ಷ ಹೀಗೆ ಅವಳಿಂದ ಅದನ್ನೇ ಮಾಡಿಸಿದೆ. ನನ್ನೊಳಗೆ ಆಗಲೇ ಅನುಮಾನದ ಹುಳ ಹೊಕ್ಕಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಅನುಮಾನ ಬಂದಷ್ಟೂ ಅವಳ ಮೇಲೆ ರೇಗಿದೆ. ಮೂರನೆಯ ಸಲ ಅವಳು ಕಾಗದ ತಂದಾಗ ವಿಭಾಗದಲ್ಲಿ ಎಲ್ಲರೂ ಚಹಾ ಕುಡಿಯುತ್ತ ಕೂತಿದ್ದರು. ಎಲ್ಲರೆದುರಿಗೇ ಹೇಳಿದೆ.

"ಇದು ನಿನ್ನ ಕೈಲಿ ಆಗೋ ಕೆಲಸ ಅಲ್ಲ ಮಂಜುಳಾ. ಇಲಿಗಳು ಸರಿ ಇವೆ. ನೋಡೋರಿಗೆ ಶ್ರದ್ಧೆ ಇಲ್ಲ."

ಅವಳು ಏನೋ ಹೇಳಲು ಬಾಯಿ ತೆರೆದಳು. ಆಗ ರಾಜಮ್ಮ ಚಹಾ ಲೋಟಗಳನ್ನು ಎತ್ತಿಕೊಳ್ಳುತ್ತ ಅಲ್ಲೇ ಇದ್ದರು. ಮಂಜುಳಾ ಅವರ ಕಡೆ ಒಮ್ಮೆ ನೋಡಿದಳು, ಬಾಯಿ ಮುಚ್ಚಿಕೊಂಡಳು. ಮುಂದಿನ ವಾರ, ಸಂಶೋಧನೆ ಬಿಡುತ್ತೇನೆ ಎಂದು ಬರೆದ ಅವಳ ಪತ್ರ ನನ್ನ ಟೇಬಲ್ಲಿನ ಮೇಲಿತ್ತು. ಒಂದು ಒಳ್ಳೆಯ ಹುಡುಗಿಯನ್ನು ಕಳೆದುಕೊಂಡೆವು ಎಂದು ಯಾರೋ ಅಂದರು. ಕಷ್ಟ ಸಹಿಸುವ ಶಕ್ತಿ ಈಗಿನವರಿಗಿಲ್ಲ ಎಂದು ನಾನು ಉತ್ತರ ಕೊಟ್ಟೆ.

ಎರಡು ವರ್ಷ ಕಳೆದು ನನ್ನ ನಿವೃತ್ತಿ ಬಂತು. ನನ್ನ ನಂತರ ಆ ಕೋಣೆ ಯಾರಿಗೂ ಬೇಡವಾಗಿತ್ತು, ಹಳೆಯ ಕುರ್ಚಿ ಬೆಂಚು ತುಂಬಲು ಕೊಡುವುದೆಂದು ತೀರ್ಮಾನವಾಗಿತ್ತು. ಕೊನೆಯ ದಿನ ಹಾರ ತುರಾಯಿ ಮುಗಿಸಿಕೊಂಡು ನಾನೂ ರಾಜಮ್ಮನೂ ಖಾಲಿ ಪಂಜರಗಳನ್ನು ಜೋಡಿಸಿಟ್ಟೆವು. ಫ್ಯಾನ್ ನಿಲ್ಲಿಸಿದ್ದರಿಂದ ಕೋಣೆ ಭಣಗುಡುತ್ತಿತ್ತು. ಅಷ್ಟು ವರ್ಷಗಳ ರಿಜಿಸ್ಟರುಗಳನ್ನು ಕಟ್ಟು ಕಟ್ಟುತ್ತ, ಪಾಪ ಎಷ್ಟು ಬೆಳಗಿನ ಜಾವ ನಿಮ್ಮ ನಿದ್ದೆ ಕೆಡಿಸಿದೆನೋ ರಾಜಮ್ಮ ಎಂದೆ. ಅವರು ನೆಲ ಒರೆಸುವುದನ್ನು ನಿಲ್ಲಿಸಿದರು.

"ಇನ್ನೇನು ಎಲ್ಲ ಮುಗೀತಲ್ಲ, ಹೇಳ್ತೀನಿ ಮೇಡಂ" ಎಂದರು. "ಚೀಟಿ ಹೊತ್ತಿಗೆ ಹೋಗಿ ನೀರು ನೋಡಿ ಬರ್ತಿದ್ದೆ. ಕಾಳು ಮಾತ್ರ ಎರಡು ಗಂಟೆ ಸೈರನ್‌ಗೇ ಹಾಕ್ತಿದ್ದೆ. ಮನೇಲಿ ಅವರಿಗೆ ತಟ್ಟೆ ಹಾಕಿಟ್ಟು ಬಂದು, ಇವಕ್ಕೂ ಹಾಕೋದು. ಸೈರನ್ ಆದ್ಮೇಲೆ ಹಸಿದಿರೋ ಜೀವಕ್ಕೆ ಹಾಕದೆ ಹೆಂಗಿರೋದು? ಕತ್ತಲಲ್ಲಿ ಬೇರೆ ಕೂಡಿ ಹಾಕಿದೀರ. ಊಟ ಯಾವಾಗ ಅಂತನಾದ್ರೂ ಗೊತ್ತಿರ್ಲಿ ಪಾಪ ಅಂತ."

ಕಾರ್ಖಾನೆ ನಿಂತ ಮೇಲೆ ಏನು ಮಾಡಿದಿರಿ ಎಂದು ಕೇಳಿದೆ. ಸೈರನ್ ಇಲ್ಲದ ಮೇಲೆ ಊಟಕ್ಕೆ ಇಂಥದೇ ಹೊತ್ತು ಅಂತ ಉಳಿಯಲಿಲ್ಲ, ಮನೆಯವರೂ ಯಾವಾಗ ಬೇಕೋ ಆವಾಗ ತಿನ್ನುತ್ತಿದ್ದರು, ಹಾಗಾಗಿ ನೀವು ಹೇಳಿದಂತೆ ಚೀಟಿ ನೋಡಿಯೇ ಹಾಕಿದೆ ಎಂದರು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನನಗೆ ವಾರವಿಡೀ ಪ್ರಾಕ್ಟಿಕಲ್ ಕ್ಲಾಸು ಇರುತ್ತಿತ್ತು. ಆ ಹೊತ್ತಿನಲ್ಲಿ ನಾನು ಆ ಕಡೆ ಕಾಲಿಟ್ಟದ್ದೇ ಇಲ್ಲ.

ನಾನು ಅವರನ್ನು ಬಯ್ಯಲಿಲ್ಲ. ಬಯ್ಯಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಎರಡಕ್ಕೆ ಬರುವ ಕಾಳಿಗಾಗಿ ಇಲಿಗಳು ಹನ್ನೆರಡಕ್ಕೇ ಎದ್ದು ಕಾಯುತ್ತಿದ್ದವು. ರಾಜಮ್ಮ ದಿನಾ ಮಾಡಿದ್ದನ್ನು ನಾನು ಇಲಿಯ ಗುಣ ಎಂದು ಇಡೀ ಜೀವಮಾನ ಬರೆದಿದ್ದೆ. ಆ ನೇರ ಗೆರೆ ಒಂದು ಮನೆಯ ಮಧ್ಯಾಹ್ನದ ಊಟದ ಹೊತ್ತಾಗಿತ್ತು. ಅದಕ್ಕಾಗಿ ನಾಲ್ಕು ಗಂಟೆಗೊಮ್ಮೆ ಕೊಂದ ಇಲಿಗಳೆಲ್ಲ ಸುಮ್ಮನೆ ಸತ್ತವು.

ಪ್ರಬಂಧಗಳು ಬಂದ ಪತ್ರಿಕೆಗಳಿಗೆ ತಪ್ಪೊಪ್ಪಿಕೊಂಡು ಕಾಗದ ಬರೆದೆ. ಒಂದು ಪತ್ರಿಕೆ ನಿಂತುಹೋಗಿತ್ತು. ಇನ್ನೊಂದರವರು ಎಷ್ಟೋ ತಿಂಗಳ ಮೇಲೆ, ನಿಮ್ಮ ಪ್ರಬಂಧವನ್ನು ಈವರೆಗೆ ಯಾರೂ ಬಳಸಿಕೊಂಡ ಹಾಗೆ ಕಾಣುವುದಿಲ್ಲ, ತಿದ್ದುಪಡಿಯ ತುರ್ತಿಲ್ಲ ಎಂದು ಉತ್ತರಿಸಿದರು. ಸರಿಯಿದ್ದರೂ ತಪ್ಪಿದ್ದರೂ ಅದು ಯಾರಿಗೂ ಬೇಕಿರಲಿಲ್ಲ. ಆ ದಿನ ಅತ್ತಷ್ಟು ನಾನು ಯಾವತ್ತೂ ಅತ್ತಿಲ್ಲ.

ಮಂಜುಳಾಗೆ ಮಾತ್ರ ಹೇಳಬೇಕಿತ್ತು. ಅವಳ ನಂಬರ್ ಹುಡುಕುತ್ತೇನೆ ಎಂದುಕೊಳ್ಳುತ್ತ ಒಂದು ವರ್ಷ ದಾಟಿಸಿದೆ. ಹುಡುಕುವ ಮನಸ್ಸಿರಲಿಲ್ಲ, ಹೆದರಿಕೆ ಇತ್ತು. ಅಷ್ಟರಲ್ಲಿ ನನಗೇ ಸಕ್ಕರೆ ಕಾಯಿಲೆ ಅಂಟಿಕೊಂಡಿತು. ಹೊತ್ತಿಗೆ ಸರಿಯಾಗಿ ತಿನ್ನದವರ ಮೈ ಏನಾಗುತ್ತದೆ ಎಂದು ಊರಿಗೆಲ್ಲ ಉಪನ್ಯಾಸ ಕೊಟ್ಟವಳು ನಾನು. ಡಾಕ್ಟರು ಖಾಲಿ ಹೊಟ್ಟೆಯ ರಕ್ತ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದು ಚೀಟಿ ಬರೆದುಕೊಟ್ಟರು.

ಕಳೆದ ತಿಂಗಳು ಬೆಳಿಗ್ಗೆ ಶಿವಮೊಗ್ಗದ ಲ್ಯಾಬೊಂದಕ್ಕೆ ಹೋದೆ. ಕೌಂಟರಿನಲ್ಲಿ ಕೇಳಿದಾಗ ರಾತ್ರಿ ಎಂಟರ ನಂತರ ಏನೂ ತಿಂದಿಲ್ಲ ಎಂದು ಬರೆಸಿದೆ. ಒಳಗೆ ಕೂತು ತೋಳು ಚಾಚಿದೆ. ಸಿರಿಂಜ್ ಹಿಡಿದುಕೊಂಡು ಬಂದವಳು ಮಂಜುಳಾ.

ಚೆನ್ನಾಗಿದೀರಾ ಮೇಡಂ ಎಂದು ಕೇಳಿದಳು. ಇಲ್ಲೇ ಕೆಲಸ, ಮದುವೆಯಾಗಿದೆ, ಒಬ್ಬ ಮಗಳು ಎಂದಳು. ತೋಳಿಗೆ ಪಟ್ಟಿ ಬಿಗಿಯುವ ಅವಳ ಕೈ ಹಿಂದಿನಷ್ಟೇ ಅಚ್ಚುಕಟ್ಟಾಗಿತ್ತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ನಿನ್ನ ಗೆರೆ ಸರಿಯಾಗಿತ್ತು, ನನ್ನದೇ ಸುಳ್ಳು ಎಂದೆ. ರಾಜಮ್ಮ, ಸೈರನ್, ಕಾಳು ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅವಳು ಕಣ್ಣೆತ್ತದೆ ಕೇಳಿಸಿಕೊಂಡಳು.

"ನಂಗೆ ಆವಾಗ್ಲೇ ಗೊತ್ತಿತ್ತು ಮೇಡಂ" ಎಂದಳು. "ನೀವೇ ಮೊದಲ ಕ್ಲಾಸಲ್ಲಿ ಹೇಳಿದ್ರಲ್ಲ, ಪಂಜರ ತೊಳೆಯೋರನ್ನ ಕೇಳಿ ಅಂತ. ಮೂರನೇ ಸಲ ಗೆರೆ ವಾಲಿದಾಗ ಹೋಗಿ ಕೇಳಿದೆ. ರಾಜಮ್ಮ ಹೇಳಿದ್ರು."

ಮತ್ತೆ ಯಾಕೆ ನನಗೆ ಹೇಳಲಿಲ್ಲ ಎಂದೆ.

"ಹೇಳಿದ್ರೆ ಅವರನ್ನ ಕೆಲಸದಿಂದ ತೆಗೀತಿದ್ರಿ. ಅವರ ಮನೆ ಅದ್ರಲ್ಲೇ ನಡೀತಿತ್ತು."

ಇಲ್ಲಮ್ಮ, ನಾನು ಹಾಗೆ ಮಾಡುತ್ತಿರಲಿಲ್ಲ ಎಂದು ಹೇಳಲು ಹೊರಟೆ. ಅವತ್ತು ಸಂಜೆಯೊಳಗೇ ರಾಜಮ್ಮನ ಸೆರಗಿನಿಂದ ಬೀಗದ ಕೈ ಬಿಚ್ಚಿಸಿಕೊಂಡು ಕಳಿಸುತ್ತಿದ್ದೆ, ಅದು ನನಗೂ ಗೊತ್ತು, ಅವಳಿಗೂ ಗೊತ್ತಿತ್ತು.

ಅವಳು ಹತ್ತಿಯಿಂದ ತೋಳು ಒರೆಸಿದಳು, ನರ ಹುಡುಕಿದಳು. ಸೂಜಿ ಹತ್ತಿರ ತಂದು ನಿಲ್ಲಿಸಿ, ಚೀಟಿ ನೋಡಿದಳು.

"ರಾತ್ರಿ ಎಂಟಕ್ಕೆ ಊಟ ಅಂತ ಬರ್ಸಿದೀರ. ಆಮೇಲೆ ಏನೂ ತಿಂದಿಲ್ಲ ತಾನೆ? ನಿಜ ಹೇಳಿ ಮೇಡಂ."

ಬೆಳಿಗ್ಗೆ ಐದಕ್ಕೆ ಕಾಫಿ ಕುಡಿದಿದ್ದೆ, ಎರಡು ಬಿಸ್ಕತ್ತು ತಿಂದಿದ್ದೆ. ಅಷ್ಟಕ್ಕೇನಾಗುತ್ತದೆ ಎಂದುಕೊಂಡು ಬರೆಸಿರಲಿಲ್ಲ. ಹೇಳಿದೆ.

ಮಂಜುಳಾ ಸೂಜಿಗೆ ಮುಚ್ಚಳ ಹಾಕಿದಳು. ತೋಳಿನ ಪಟ್ಟಿ ಬಿಚ್ಚಿ ಮಡಚಿಟ್ಟಳು.

"ಹಂಗಾದ್ರೆ ಇವತ್ತು ತೆಗೆಯೋದಿಲ್ಲ. ತೆಗೆದ್ರೆ ಸುಳ್ಳು ಬರುತ್ತೆ. ನಾಳೆ ಖಾಲಿ ಹೊಟ್ಟೇಲಿ ಬನ್ನಿ" ಎಂದು, ಹೊರಗೆ ಕಾಯುತ್ತಿದ್ದ ಮುಂದಿನವರ ಹೆಸರು ಕರೆದಳು.

ನಾನು ಕುಪ್ಪಸದ ತೋಳು ಸರಿ ಮಾಡಿಕೊಂಡು ಎದ್ದೆ.